ಸೂರ್ಯನ ಸದ್ದು ನನ್ನದಲ್ಲರೀ

ಸಿಂಧನೂರಿನಲ್ಲಿ ಬಿ.ಎಸ್ಸಿ. ಓದುವಾಗ ನಾನು ಅಣಕಿಸದ ಸದ್ದು ಉಳಿದಿರಲಿಲ್ಲ. ಮಸ್ಕಿ ಬಸ್ಸಿನ ಹಾರ್ನು, ಗೊರೇಬಾಳದ ಗದ್ದೆಯ ಪಂಪ್‌ಸೆಟ್ಟು, ಪ್ರಿನ್ಸಿಪಾಲರ ಕೆಮ್ಮು. ಮೌಖಿಕ ಪರೀಕ್ಷೆಯಲ್ಲಿ ತೊದಲುವ ನನ್ನನ್ನೂ ಬಿಟ್ಟಿರಲಿಲ್ಲ. ಅದಕ್ಕೆ ಶಿಕ್ಷೆ ಉಂಡವಳು ಮಾತ್ರ ಬೇರೆಯವಳು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಗುರುಗುಂಟಾದ ನನ್ನ ಸಹಪಾಠಿಯೊಬ್ಬಳು ತಮ್ಮ ಮನೆಯ ಮಾಳಿಗೆಯ ಮೇಲೆ ತಂತಿ ಕಟ್ಟಿ, ಎರಡು ಹಳೇ ರೇಡಿಯೋಗಳನ್ನು ಬೇರೆ ಬೇರೆ ಆವರ್ತನಕ್ಕೆ ತಿರುಗಿಸಿಟ್ಟುಕೊಂಡು, ತಿಂಗಳುಗಟ್ಟಲೆ ಸೂರ್ಯನಿಗೆ ಕಿವಿಗೊಟ್ಟಿದ್ದಳು. ಒಂದು ಮಧ್ಯಾಹ್ನ ಸೌರಜ್ವಾಲೆ ಸಿಡಿದಾಗ ಎರಡರಲ್ಲೂ 'ಸುಂಯ್' ಎಂದಿತು. ಹೆಚ್ಚಿನ ಆವರ್ತನದ್ದರಲ್ಲಿ ಮೊದಲು, ಕಡಿಮೆಯದ್ದರಲ್ಲಿ ರೆಪ್ಪೆ ಬಡಿಯುವಷ್ಟು ತಡವಾಗಿ. ಅವಳ ವಾದವೆಲ್ಲ ನಿಂತಿದ್ದು ಆ ತಡದ ಮೇಲೆ. ಈ ರೇಡಿಯೋ ಅಲೆ ಹುಟ್ಟುವುದು ನಮಗೆ ಕಾಣುವ ಉರಿಮೈಯಲ್ಲಲ್ಲ, ಅದರ ಮೇಲಿನ ತೆಳು ಹೊರಕವಚವಾದ ಕರೋನಾದಲ್ಲಿ. ಅಲ್ಲಿ ಕಾಂತರೇಖೆಗಳು ಕಡಿದು ಕೂಡಿದಾಗ ಎಲೆಕ್ಟ್ರಾನುಗಳು ಮೇಲಕ್ಕೆ ಚಿಮ್ಮುತ್ತವೆ. ಏರಿದಷ್ಟೂ ಅಲ್ಲಿನ ಕಾದ ಅನಿಲ, ಅಂದರೆ ಪ್ಲಾಸ್ಮಾ, ತೆಳುವಾಗುತ್ತದೆ, ಆವರ್ತನ ಇಳಿಯುತ್ತದೆ; ಅದಕ್ಕೇ ಕಡಿಮೆ ಆವರ್ತನದ ಸದ್ದು ತಡ.

ಲಿಂಗಸುಗೂರಿನ ವಿಜ್ಞಾನ ಮೇಳದಲ್ಲಿ ಗೆದ್ದವರಿಗೆ ವೀಕ್ಷಣಾಲಯವೊಂದರಲ್ಲಿ ತಿಂಗಳ ತರಬೇತಿ ಇತ್ತು. ಅವಳಿಗೆ ಬೇಕಿದ್ದದ್ದು ಅದೊಂದೇ. ನಾನು ಬರೀ ರೇಡಿಯೋ ಹೊತ್ತವನು.

ಅವಳು ಆ ಮಧ್ಯಾಹ್ನದ 'ಸುಂಯ್' ರೆಕಾರ್ಡಿಂಗ್ ಹಚ್ಚಿದಳು. ತೀರ್ಪುಗಾರ ಮೇಷ್ಟ್ರು ನನ್ನ ಮುಖ ನೋಡಿ ಗೊಳ್ಳೆಂದು ನಕ್ಕರು.

"ಬರೋಬ್ಬರಿ ಮಾಡೀದಿ ಬಿಡಲೇ! ಹೋದ ವರ್ಷ ಟ್ರ್ಯಾಕ್ಟರ್ ಸದ್ದು ಮಾಡಿದಾಂವ ನೀನ ಅಲ್ಲೇನು?"

"ಇದು ಸೂರ್ಯಂದ್ರೀ ಸರ್," ಎಂದೆ.

"ಸೂರ್ಯ ನಿನ್ನಂಗ ಬಾಯಿ ತಗದಾನೇನಲೇ?"

ಸದ್ದು ನನ್ನದಲ್ಲವೆಂದು ತೋರಿಸಲು ಸಿಟ್ಟಿಗೆ ಬಾಯಿ ತುಂಬ ನೀರು ತುಂಬಿಕೊಂಡು ನಿಂತೆ. ಅವಳು ಮತ್ತೆ ಹಚ್ಚಿದಳು.

"ಹಂಗಾದ್ರ ಮನ್ಯಾಗ ರೆಕಾರ್ಡ್ ಮಾಡಿಕೊಂಡು ಬಂದೀರಿ," ಎಂದರು.

"ಸರ್, ಎರಡರ ನಡುವಿನ ತಡ ಬರದೀನ್ರೀ, ಒಂದ್ಸಲ ನೋಡ್ರೀ," ಎಂದು ಅವಳು ನೋಟ್‌ಬುಕ್ ಚಾಚಿದಳು. ಅವರು ಹಾಳೆ ತಿರುವಲಿಲ್ಲ. ಭೌತಶಾಸ್ತ್ರ ಕಲಿಸುವ ಮನುಷ್ಯ! ಕರೋನಾ ಎಲ್ಲಿದೆ ಎಂದು ಕೇಳುವ ಬದಲು ನನ್ನ ಗಂಟಲು ಎಲ್ಲಿದೆ ಎಂದು ನೋಡುತ್ತಿದ್ದರು.

ಅವಳಿಗೆ ಏನೂ ಸಿಗಲಿಲ್ಲ. ನನಗೆ 'ಉತ್ತಮ ಮನರಂಜನೆ' ಎಂದು ಒಂದು ಸ್ಟೀಲ್ ಡಬ್ಬಿ.

"ನಿನ್ನ ಕರಕೊಂಡು ಬಂದದ್ದ ನನ್ನ ತಪ್ಪು," ಎಂದಳು. ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು.

ನಾನು ಹೋಗಿ ಡಬ್ಬಿಯನ್ನು ಅವರ ಟೇಬಲ್ಲಿನ ಮೇಲೆ ಕುಕ್ಕಿದೆ. "ಸರ್, ಕೆಲಸೆಲ್ಲಾ ಆಕೀದು. ನನ್ನ ಮ್ಯಾಲಿನ ಅನುಮಾನ ಆಕಿ ಮ್ಯಾಲೆ ಯಾಕ್ರೀ? ಆ ನೋಟ್‌ಬುಕ್ ಓದ್ರೀ." ಯಾರನ್ನೂ ಅಣಕಿಸದೆ, ನನ್ನ ಸ್ವಂತ ದನಿಯಲ್ಲೇ ಹೇಳಿದ್ದೆ.

ಅವರು ತಲೆ ಓರೆ ಮಾಡಿ ಕೇಳಿಸಿಕೊಂಡರು. "ಇದು ಯಾರ ದನಿಲೇ? ಗುರುತ ಹತ್ತವಲ್ದು."