ಬಾಯಿ ಬಿಗಿಹಿಡಿದ ಕೋಚ್

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಮೈದಾನದಲ್ಲಿ ರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ತಂಡ ಅಭ್ಯಾಸಕ್ಕಿಳಿದಿದೆ. ತಂಡದ ಕೋಚ್ ಗ್ಯಾಲರಿಯ ತುತ್ತತುದಿಯ ಮೆಟ್ಟಿಲಲ್ಲಿ, ಇಬ್ಬನಿಗೆ ಒದ್ದೆಯಾದ ಸಿಮೆಂಟಿನ ಮೇಲೆ ಟವೆಲ್ ಹಾಸಿಕೊಂಡು, ತುಟಿ ಬಿಗಿಹಿಡಿದು ಕೂತಿದ್ದಾರೆ.

ನಾಳೆಯ ಪಂದ್ಯ ಗೆದ್ದರೆ ತಂಡ ಮೊದಲ ಬಾರಿಗೆ ದೊಡ್ಡ ಟೂರ್ನಿಗೆ ಹೋಗುತ್ತದೆ. ಸೋತರೆ ಇವರ ಕೆಲಸಕ್ಕೇ ಸಂಚಕಾರ. ಆ ಪಂದ್ಯಕ್ಕೇ ಇವರಿಗೆ ನಿಷೇಧ; ಗ್ಯಾಲರಿಯಲ್ಲಿ ಕೂತು ನೋಡಬಹುದು, ತಂಡಕ್ಕೆ ಏನೂ ಹೇಳುವಂತಿಲ್ಲ. ಕಳೆದ ಪಂದ್ಯದಲ್ಲಿ ಎದುರಾಳಿ ಹುಡುಗಿಯೊಬ್ಬಳು ಚೆಂಡಿನೊಂದಿಗೆ ಗೆರೆಯಂಚಿನಲ್ಲಿ ನುಗ್ಗಿ ಬಂದಾಗ, ಇವರು ಮೈದಾನದೊಳಕ್ಕೆ ಹೆಜ್ಜೆಯಿಟ್ಟು ಚೆಂಡನ್ನು ಹೊರಕ್ಕೆ ಒದ್ದುಬಿಟ್ಟರು. ರೆಫರಿ ಕೆಂಪು ಕಾರ್ಡ್ ತೋರಿಸಿದ.

“ಡಿಫೆಂಡರ್ ಆಗಿದ್ದವಳ ಕಾಲು ನೋಡಿ, ನನ್ನನ್ನ ಒಂದ್ಮಾತೂ ಕೇಳ್ಲಿಲ್ಲ. ತಪ್ಪು ತಪ್ಪೇ. ಆದ್ರೆ ಒದ್ದಿದ್ದು ಮಾತ್ರ ಚೆನ್ನಾಗಿತ್ತು,” ಎನ್ನುತ್ತಾರೆ ಕೋಚ್.

ಇದೇ ತಂಡದಲ್ಲಿ ಆಡುತ್ತಿದ್ದವರು, ಮಂಡಿ ಕೈಕೊಟ್ಟ ಮೇಲೆ ಶಾಲೆಯೊಂದರಲ್ಲಿ ಡ್ರಿಲ್ ಟೀಚರ್ ಆದರು. ಹುಡುಗರು ಮೈದಾನ ಬಿಡುವವರೆಗೆ ಕಾದು, ಉಳಿದಷ್ಟು ಬೆಳಕಿನಲ್ಲಿ ಹುಡುಗಿಯರಿಗೆ ಆಟ ಕಲಿಸಿದರು. ಆಗ ಕಲಿತ ನಾಲ್ವರು ಈಗ ಇಲ್ಲಿದ್ದಾರೆ. ರಾಷ್ಟ್ರೀಯ ತಂಡದ ಹೊಣೆ ಹೆಗಲೇರಿ ಆರು ವರ್ಷವಾದರೂ ಮನೆಯ ಪಕ್ಕದ ಬೇಕರಿಯವನಿಗೆ ಇವರು ಇಂದಿಗೂ ‘ಡ್ರಿಲ್ ಮೇಡಂ’.

“ಇವಳ ಬಾಯಿ ಮುಚ್ಚಿಸೋಕೆ ನನ್ನ ಕೈಲಾಗ್ಲಿಲ್ಲ. ಆ ರೆಫರಿ ಒಂದೇ ಕಾರ್ಡಲ್ಲಿ ಮುಗಿಸ್ದ,” ಎಂದು ಇವರ ತಾಯಿ ಫೋನಿನಲ್ಲಿ ನಗುತ್ತಾರೆ.

ನಿಷೇಧ ಬಿದ್ದಂದಿನಿಂದ ಅಭ್ಯಾಸ ಹೀಗೆಯೇ. ಮೊದಲ ದಿನ ಹುಡುಗಿಯರು ಚೆಂಡು ಸಿಕ್ಕಾಗಲೆಲ್ಲ ಮೇಲೆ ನೋಡುತ್ತ ನಿಂತುಬಿಟ್ಟರು. “ಮೇಡಂ, ಬೈಯೋದಾದ್ರೂ ಬೈರಿ,” ಎಂದು ಗೋಲ್‌ಕೀಪರ್ ಗೋಗರೆದಳು. ಇವರು ತುಟಿ ಪಿಟಕ್ಕೆನ್ನಲಿಲ್ಲ.

“ಆಟ ಕಲಿಸಿದ್ದೆ. ಯೋಚನೆ ಮಾಡೋ ಕೆಲ್ಸ ನಾನೇ ಇಟ್ಕೊಂಡಿದ್ದೆ ಅಂತ ಅವತ್ತು ಗೊತ್ತಾಯ್ತು,” ಎನ್ನುತ್ತಾರೆ.

ಇಂದು ಕೆಳಗೆ ಗದ್ದಲವೋ ಗದ್ದಲ. ತಂಡದ ಅತಿ ಕಿರಿಯ ಡಿಫೆಂಡರ್ ಕ್ಯಾಪ್ಟನ್ನನ್ನೇ ಗದರುತ್ತಾಳೆ: “ಅಕ್ಕ, ಮುಂದೆ ಏನು ಮಾಡ್ತಿದ್ದೀರಾ? ಇಲ್ಲಿ ಗೋಲ್ ಕಾಯೋಕೆ ನಿಮ್ಮತ್ತೆ ಬರ್ತಾರಾ?”

“ಬಂದ್ರೆ ನಿನಗಿಂತ ಚೆನ್ನಾಗಿ ಕಾಯ್ತಾರೆ ಬಿಡು,” ಎನ್ನುತ್ತಲೇ ಕ್ಯಾಪ್ಟನ್ ಹಿಂದಕ್ಕೆ ಓಡುತ್ತಾಳೆ. ಗೋಲಿನ ಮುಂದೆ ಬಿಟ್ಟುಹೋಗಿದ್ದ ಜಾಗ ತುಂಬಿಕೊಳ್ಳುತ್ತದೆ. ಯಾರೂ ಮೇಲೆ ನೋಡುವುದಿಲ್ಲ.

ಕೋಚ್ ಎದ್ದು ಟವೆಲ್ ಕೊಡವುತ್ತಾರೆ. ನಾಳೆಯ ಬಗ್ಗೆ ಕೇಳಿದರೆ ಭುಜ ಕುಣಿಸುತ್ತಾರೆ.

“ಗೆಲ್ತೀವಿ, ಅದರ ಚಿಂತೆ ಇಲ್ಲ. ಆಟ ಮುಗಿಯೋವರೆಗೂ ನಾನೆಲ್ಲಿ ಕೂತಿದ್ದೀನಿ ಅಂತ ಒಬ್ಬಳೂ ಹುಡುಕ್ಬಾರ್ದು. ನನಗಿರೋದು ಅದೊಂದೇ ಆಸೆ.”