ಜಯಕ್ಕನ ಕೋಣೆಯಲ್ಲಿ ಕೆರೆಯುವ ಸದ್ದು

ಮಂಜುಳಾ, ಆ ಸಂಜೆ ಮುಚ್ಚಿದ ಕೋಣೆಯೊಳಗಿನಿಂದ ‘ಹೂಂ’ ಎಂದವಳು ನಿನ್ನ ಅವ್ವ ಅಲ್ಲ. ನಾನು, ನಿನ್ನ ಚಿಕ್ಕಮ್ಮ. ನಿನ್ನವ್ವ ಬದುಕಿದ್ದಾಗಲೇ ಇದನ್ನು ಹೇಳಬೇಕಿತ್ತು. ಬಾಯಿವರೆಗೆ ಬಂದದ್ದನ್ನು ಎಷ್ಟೋ ಸಲ ನುಂಗಿಕೊಂಡೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತುಮಕೂರಿನಿಂದ ಗುಬ್ಬಿಯ ನಿಮ್ಮ ಮನೆಗೆ ಕಿರಿಸೊಸೆಯಾಗಿ ಬಂದಿದ್ದೆ. ನಿನ್ನಜ್ಜಿ, ಅಂದರೆ ನಮ್ಮತ್ತೆ, ಬಂದವರ ಮುಂದೆಲ್ಲ ನನ್ನ ತೋಳು ಹಿಡಿದು ತೋರಿಸುತ್ತಿದ್ದರು. “ನೋಡ್ರಮ್ಮ, ಒಂದ್ ಕಲೆ ಇಲ್ಲ, ಒಂದ್ ಗುಳ್ಳೆ ಇಲ್ಲ. ಸೋಪ್ ಹಾಕಿ ಬೆಳ್ದಿರೋ ಮೈ!” ನಾನೂ ಉಬ್ಬಿಹೋಗುತ್ತಿದ್ದೆ. ಅಂಥವಳಿಗೆ ಮೊದಲ ಬೇಸಿಗೆಯಲ್ಲೇ ಕಜ್ಜಿ ಹತ್ತಿತು. ತವರಿಗೆ ಹೋಗಿದ್ದಾಗ ತಂಗಿಯ ಬಟ್ಟೆ ಹಾಕಿಕೊಂಡಿದ್ದೆ — ಅವಳ ಬೆರಳಸಂದಿಯಲ್ಲಿ ಗುಳ್ಳೆ ನೋಡಿಯೂ ಹಾಕಿಕೊಂಡಿದ್ದೆ. ನನಗೆ ಎದ್ದದ್ದು ಸೊಂಟದ ಸುತ್ತ, ಸೀರೆಯ ಕಟ್ಟಿನ ಕೆಳಗೆ. ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ನಿನಗಾಗ ನಾಲ್ಕೈದು ವರ್ಷ. ನಿನ್ನ ಚಿಕ್ಕಪ್ಪ ಕೊಬ್ಬರಿ ಲಾರಿಯ ಜೊತೆ ಊರೂರು ಸುತ್ತುತ್ತಿದ್ದರು. ನೀನು ನನ್ನ ಮಗ್ಗುಲಲ್ಲೇ ಮಲಗುತ್ತಿದ್ದೆ. ಬೇಸಿಗೆಗೆ ನಿನ್ನ ಬೆನ್ನ ಮೇಲೆ ಬೆವರುಗುಳ್ಳೆ ಎದ್ದವು. ನಿನ್ನವ್ವ — ನನ್ನ ವಾರಗಿತ್ತಿ ಜಯಕ್ಕ — ಬೇಲಿಯ ಪಕ್ಕದ ಹುತ್ತದಿಂದ ಒಂದು ಬೊಗಸೆ ಮಣ್ಣು ತಂದು, ಕಲಸಿ, ನಿನಗೆ ಹಚ್ಚಿದರು. ಅದೇ ವಾರ ನಿನ್ನ ಬೆರಳಸಂದಿಯಲ್ಲಿ ಕಜ್ಜಿ ಕಾಣಿಸಿತು. ಆಮೇಲೆ ಜಯಕ್ಕನಿಗೆ, ನಿನ್ನಪ್ಪನಿಗೆ, ಅತ್ತೆಗೆ.

ಮನೆಮನೆಗೆ ಬರುತ್ತಿದ್ದ ನರ್ಸಮ್ಮ ಬಿಳಿ ಔಷಧಿಯ ಬಾಟಲಿ ಕೊಟ್ಟು ಹೇಳಿದರು: “ಕತ್ತಿಂದ ಕೆಳಗೆ ಮೈಗೆಲ್ಲ ಹಚ್ಕೊಳಿ. ಬಟ್ಟೆ, ಹೊದಿಕೆ ಕುದಿಸಿ ಬಿಸಿಲಿಗೆ ಹಾಕಿ. ಮನೇಲಿರೋರೆಲ್ಲ ಒಂದೇ ದಿನ ಹಚ್ಕೋಬೇಕು. ಒಬ್ರು ಬಿಟ್ರೂ ವಾಪಸ್ ಬರ್ತದೆ.”

“ನಮ್ ಕಿರಿ ಸೊಸೆಗ್ಯಾಕೆ ಬುಡಿ, ಅವಳ ಮೈ ಚೊಕ್ಕವಾಗೈತೆ” ಎಂದರು ಅತ್ತೆ.

“ನಂಗೇನಿಲ್ಲ” ಎಂದೆ ನಾನು. ಕದ್ದು ಹಚ್ಚಿಕೊಳ್ಳೋಣವೆಂದರೆ ಔಷಧಿಯ ವಾಸನೆಯೇ ಚಾಡಿ ಹೇಳುತ್ತಿತ್ತು.

ಎಲ್ಲರ ಕಜ್ಜಿ ಹೋಯಿತು. ಮತ್ತೆ ಬಂತು. ಮತ್ತೆ ಹಚ್ಚಿದರು, ಹೋಯಿತು, ಮತ್ತೆ ಬಂತು. ಅತ್ತೆಯ ಮುಖ ಕಪ್ಪಿಟ್ಟಿತು. “ಹುತ್ತಕ್ಕೆ ಕೈ ಹಾಕಿದ್ಲಲ್ಲ, ಅದಕ್ಕೇ ಹೋದಂಗೆ ಹೋಗಿ ತಿರುಗ್ತೈತೆ. ಅವಳು ಇಲ್ಲಿರೋವರ್ಗೂ ಬುಡಲ್ಲ ಅದು.” ಜಯಕ್ಕನನ್ನು ಕುಣಿಗಲ್ ಕಡೆಯ ಮಾರ್ಕೋನಹಳ್ಳಿಗೆ, ಅವರ ತವರಿಗೆ, ಕಳಿಸಿಬಿಟ್ಟರು. ದೋಷ ಮಗುವಿಗೆ ತಟ್ಟದಿರಲಿ ಎಂದು ನಿನ್ನನ್ನು ಇಲ್ಲೇ ಉಳಿಸಿಕೊಂಡರು. ಹೊರಡುವಾಗ ಜಯಕ್ಕ ನನ್ನ ಕೈ ಹಿಡಿದು “ಮಗೀನ ನೋಡ್ಕೊ ಕಣಮ್ಮ” ಎಂದರು. ನಾನು ತಲೆಯಾಡಿಸಿದೆ.

ಅವರ ಕೋಣೆಗೆ ಅರಿಶಿನದ ನೀರು ಚಿಮುಕಿಸಿ ಬಾಗಿಲು ಹಾಕಿದರು. ಆದರೆ ಆ ಕೋಣೆಗೆ ಹಿತ್ತಲಿನಿಂದ ಇನ್ನೊಂದು ಚಿಕ್ಕ ಬಾಗಿಲಿತ್ತು. ಹೆಂಗಸರ ಒಳಬಟ್ಟೆ ಗಂಡಸರ ಕಣ್ಣಿಗೆ ಬೀಳಬಾರದು ಎನ್ನುವ ಮನೆ ನಮ್ಮದು. ನಾನು ನನ್ನವನ್ನು ಆ ಕತ್ತಲಲ್ಲಿ ಒಣಹಾಕತೊಡಗಿದೆ. ಎಂದೂ ಪೂರ್ತಿ ಒಣಗುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನವೆ ಏರುತ್ತಿತ್ತು — ಆಗ ಅಲ್ಲಿಗೆ ಹೋಗಿ, ಗೋಡೆಗೆ ಒರಗಿ, ಹಣಿಗೆಯ ಹಲ್ಲಿನಿಂದ ಕೆರೆದುಕೊಳ್ಳುತ್ತಿದ್ದೆ. ಕರ... ಕರ... ಸುಖವಾಗುತ್ತಿತ್ತು. ಹೇಳಲು ನಾಚಿಕೆ — ತುಂಬಾ ಸುಖವಾಗುತ್ತಿತ್ತು.

ಸದ್ದು ಹೊರಗೆ ಕೇಳಿತು. ಹುತ್ತದ ಹಾವೇ ಒಳಗೆ ಬಂದಿದೆ ಎಂದು ಅತ್ತೆ ಹೊಸ್ತಿಲಲ್ಲಿ ಬಟ್ಟಲು ಹಾಲಿಟ್ಟು ಕೈಮುಗಿದರು. ನಾನೂ ಅವರ ಪಕ್ಕ ನಿಂತು ಕೈಮುಗಿದೆ.

ಒಂದು ಸಂಜೆ ನೀನು ಬಾಗಿಲ ಸಂದಿಗೆ ಬಾಯಿಟ್ಟು ಕೇಳಿದೆ: “ಅವ್ವಾ... ಬಂದ್ಬಿಟ್ಯಾ?”

ನನ್ನ ಕೈ ನಿಂತುಹೋಯಿತು. ಸುಮ್ಮನಿದ್ದರೆ ಅಜ್ಜಿಯನ್ನು ಕರೆಯುತ್ತೀಯ ಎಂದು ಹೆದರಿ, ಜಯಕ್ಕನ ಹಾಗೇ ದನಿ ಎಳೆದು, “ಹೂಂ” ಎಂದೆ. “ಯಾರ್ಗೂ ಹೇಳ್ಬೇಡ. ಹೋಗು.”

ನೀನು ಯಾರಿಗೂ ಹೇಳಲಿಲ್ಲ. ದಿನಾ ಸಂಜೆ ಬಂದು ಸಂದಿಯಲ್ಲಿ ಪಿಸುಗುಟ್ಟುತ್ತಿದ್ದೆ. ಏನು ಉಂಡೆ, ಯಾರು ಹೊಡೆದರು, ಎಲ್ಲವನ್ನೂ. ಒಳಗೆ ನಾನು ‘ಹೂಂ’ ಎನ್ನುತ್ತಿದ್ದೆ. ಒಂದು ಸಂಜೆ ಅಡುಗೆಮನೆಯಲ್ಲಿ ರಾಗಿ ಮುದ್ದೆ ತೊಳಸುತ್ತಿದ್ದಾಗ ನೋಡಿದೆ — ನೀನು ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದೆ. ಏನೋ ಹೇಳಿದೆ, ಸುಮ್ಮನಾದೆ, ಆಮೇಲೆ ಕಿಲಕಿಲ ನಕ್ಕೆ. ಒಳಗೆ ಕರ... ಕರ... ಎಂದಿತು. ಇಲಿ ಇರಬೇಕು ಎಂದುಕೊಂಡೆ ನಾನು. ಆದರೆ ಮಂಜು, ಅಂದು ನೀನು ಯಾರ ಮಾತಿಗೆ ನಕ್ಕೆ?

ಆ ಹೆದರಿಕೆಗೇ ಗೌರಿ ಹಬ್ಬದ ನೆಪ ಹೇಳಿ ತುಮಕೂರಿಗೆ ಓಡಿದೆ. ಅಮ್ಮನ ಕೈಲಿ ಔಷಧಿ ಹಚ್ಚಿಸಿಕೊಂಡೆ, ಬಟ್ಟೆಯನ್ನೆಲ್ಲ ಹಂಡೆಯಲ್ಲಿ ಕುದಿಸಿ ತಾರಸಿಯ ಬಿಸಿಲಿಗೆ ಹರವಿದೆ. ಗುಬ್ಬಿಯಲ್ಲಿ ಅತ್ತೆಯೂ ಎಲ್ಲರಿಗೂ ಮತ್ತೊಮ್ಮೆ ಹಚ್ಚಿಸಿ, ಹುತ್ತಕ್ಕೆ ಪೂಜೆ ಮಾಡಿಸಿದ್ದರು. ನಾನು ವಾಪಸ್ ಬಂದ ಮೇಲೆ ಕಜ್ಜಿ ಆ ಮನೆಗೆ ಕಾಲಿಡಲಿಲ್ಲ. ದೋಷ ಕಳೆಯಿತು ಎಂದರು. ನಾನು ಹೌದೆಂದೆ.

ಜಯಕ್ಕ ಮರಳಿ ಬಂದರು. ತೋಳು ಚಾಚಿ ನಿನ್ನನ್ನು ಕರೆದರು. ನೀನು ನನ್ನ ಸೆರಗಿನ ಹಿಂದೆ ಅವಿತುಕೊಂಡೆ. “ಇವ್ಳಲ್ಲ. ನಮ್ಮವ್ವ ಒಳಗವ್ಳೆ.”

ಜಯಕ್ಕ ಹೋಗಿ ಆ ಬಾಗಿಲು ತೆಗೆದರು. ಒಳಗೆ ಒಂದು ಹಗ್ಗ, ನೆಲದ ಮೇಲೆ ಹಲ್ಲು ಮುರಿದ ಹಣಿಗೆ. ಅದನ್ನು ಎತ್ತಿ, ತಿರುಗಿಸಿ ನೋಡಿ, ನನ್ನ ಕೈಗಿಟ್ಟರು. “ನಿಂದಲ್ವಾ? ತಗೋ.” ಅಷ್ಟೇ. ಬದುಕಿದ್ದಷ್ಟು ಕಾಲ ಅವರು ಮತ್ತೇನೂ ಕೇಳಲಿಲ್ಲ. ನೀನು ದೊಡ್ಡವಳಾಗುತ್ತ ಅವರನ್ನು ಅವ್ವ ಎಂದೇ ಕರೆದೆ, ಹೇಳಿದ ಕೆಲಸ ಮಾಡಿದೆ. ಅವರ ತೊಡೆಯ ಮೇಲೆ ತಲೆಯಿಟ್ಟದ್ದನ್ನು ಮಾತ್ರ ನಾನು ನೋಡಲಿಲ್ಲ.

ಮೊನ್ನೆ ಜಯಕ್ಕ ತೀರಿಕೊಂಡು, ಅವರನ್ನು ಹಜಾರದಲ್ಲಿ ಮಲಗಿಸಿದ್ದಾಗ ನೀನು ಅಳಲಿಲ್ಲ. ಎದ್ದು ಹೋಗಿ, ಆ ಕೋಣೆಯ ಬಾಗಿಲ ಸಂದಿಗೆ ಬಾಯಿಟ್ಟು “ಅವ್ವಾ” ಎಂದೆ. ನೀರಿನ ಬಿಂದಿಗೆ ಹಿಡಿದು ಹಿಂದೆಯೇ ನಿಂತಿದ್ದೆ ನಾನು. ಉತ್ತರಕ್ಕಾಗಿ ನೀನು ಕಾಯುತ್ತಿದ್ದೆ.

ಒಳಗೆ ನಿನ್ನವ್ವ ಇಲ್ಲ, ಮಂಜು. ಆಗಲೂ ಇರಲಿಲ್ಲ. ನಿನ್ನವ್ವ ನಿನ್ನ ಬೆನ್ನ ಹಿಂದೆ, ಹಜಾರದಲ್ಲಿದ್ದರು. ಇಷ್ಟು ವರ್ಷವೂ ನಿನಗಾಗಿ ಅಲ್ಲೇ ಕಾದಿದ್ದರು.