ಮೊಲದಕ್ಕನ ತಟ್ಟೆ

ಬೀದಿಪಾಲಾದ ಮೊಲಗಳನ್ನು ಉಳಿಸುವ ಬಳಗ ನಡೆಸುವ ಮೊಲದಕ್ಕನಿಗೆ ಫೋನಿನೊಳಗೆ ಇನ್ನೂರು ಮಂದಿ ಸ್ವಯಂಸೇವಕರಿದ್ದಾರೆ. ಹೊಸ ಮೊಲದ ಫೋಟೊ ಹಾಕಿದರೆ ಇನ್ನೂರು ಹಾರ್ಟು ಬೀಳುತ್ತವೆ, "ಯಾರು ಇಟ್ಕೋತೀರಾ?" ಎಂದರೆ ಇನ್ನೂರು ಬಾಯಿಗೂ ಬೀಗ. ಆಗ ಅಕ್ಕ "ಎರಡೇ ದಿನ, ಅತ್ತೆ" ಎನ್ನುತ್ತ ಇನ್ನೊಂದು ಪೆಟ್ಟಿಗೆಯನ್ನು ಮನೆಯೊಳಗೆ ತರುತ್ತಾಳೆ. ಆ ಎರಡು ದಿನಕ್ಕೆ ಈಗ ನಾಲ್ಕನೇ ವರ್ಷ. ಬಚ್ಚಲಲ್ಲಿ ಮೂರು, ಗಂಡನ ಮೇಜಿನಡಿ ಐದು; ಬಳಗದ ತಜ್ಞನೊಬ್ಬ ಬಾಲ ಎತ್ತಿ ನೋಡಿ "ಎರಡೂ ಗಂಡೇ" ಎಂದು ಆಣೆಯಿಟ್ಟು ಹೇಳಿದ ಜೋಡಿ ತಿಂಗಳಿಗೇ ಹಾಕಿದ ಒಂಬತ್ತು ಮರಿ ಅತ್ತೆಯ ಮಂಚದಡಿ. ಮೊಲ ಕೇಳಿ ಬಂದವರಿಗೆ ಅಕ್ಕ ನಲವತ್ತು ಪ್ರಶ್ನೆ ಹಾಕುತ್ತಾಳೆ. ಅಷ್ಟಕ್ಕೂ ಉತ್ತರ ಹೇಳಿ ಒಯ್ದವರು ಮೊನ್ನೆ "ನಮ್ಮ ಸೋಫಾಕ್ಕೆ ಹೊಂದಲ್ಲ" ಎಂದು ಮುದಿ ಮೊಲವನ್ನು ಮರಳಿ ತಂದಿಟ್ಟರು. ಹೊಸಬರಿಗೆ ಅವಳ ಪಾಠ ಒಂದೇ: "ಮೊಲ ನೋವಾದ್ರೆ ಕೂಗಲ್ಲ. ತಟ್ಟೆ ನೋಡಿ. ತಿನ್ನೋದು ಬಿಟ್ಟಿದ್ರೆ ಕಾಯ್ಬೇಡಿ." ಹಿಕ್ಕೆ ಗುಡಿಸುತ್ತ ಗೊಣಗುವ ಅತ್ತೆಯ ಕಿವಿಗೆ ಇದು ಸಾವಿರ ಸಲ ಬಿದ್ದಿದೆ. ಮುದಿ ಮೊಲ ಮರಳಿದ ಮೊನ್ನೆಯಿಂದ ಸೊಸೆಯ ತಟ್ಟೆಗೆ ಹಾಕಿದ್ದು ಹಾಕಿದಂತೆಯೇ ಉಳಿಯುವುದನ್ನು ಕಂಡ ಅತ್ತೆ, ಇಂದು ಪೊರಕೆ ಬದಿಗಿಟ್ಟು, ಕೈ ತೊಳೆದು, ಎದುರು ಕುಳಿತಳು: "ನಿನ್ನ ಫೋಟೊ ಹಾಕಿದ್ರೂ ಇನ್ನೂರು ಹಾರ್ಟು ಬರುತ್ತೆ ಕಣೇ. ತುತ್ತು ಮಾತ್ರ ನಾನೇ ಕೊಡ್ಬೇಕು. ಬಾಯಿ ತೆಗಿ."